ಎರೆಯ ನಾಡಿಗೆ ಮರಳಿ ಬಂದ ತಾರೆ

ಅಸುಂಡಿಯ ಹೊಲಗಳಲ್ಲಿ ಪುಷ್ಯಮಾಸದ ಬೆಳಗು ನಿಧಾನವಾಗಿ ಹರಿಯುತ್ತದೆ. ಗದಗು ತಾಲೂಕಿನ ಈ ಹಳ್ಳಿಯ ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಕಾಲು ಬಿಡದ ಆ ಕಪ್ಪು ಮಣ್ಣು ಚಳಿಗಾಲಕ್ಕೆ ಬಿರುಕು ಬಿಟ್ಟು, ಬಿಳಿಜೋಳದ ತೆನೆಗಳನ್ನೂ ಕಡಲೆಯ ಹಸುರನ್ನೂ ಹೊತ್ತು ನಿಂತಿರುತ್ತದೆ. ಬಯಲುಸೀಮೆಯ ಚಳಿ ಹಗಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೆಳಗಿನ ಝಾವ ಹೊಲಕ್ಕೆ ಹೊರಟವನ ಕಿವಿಯನ್ನು ಮಾತ್ರ ಅದು ಬಿಡುವುದಿಲ್ಲ. ಹೆಗಲ ಮೇಲಿನ ಕಂಬಳಿಯೇ ಒಂದು ಕಾಲಕ್ಕೆ ಆ ಚಳಿಗೆ ಉತ್ತರವಾಗಿತ್ತು. ಈಗ ಅನೇಕರ ಮೈಮೇಲೆ ಬಣ್ಣಬಣ್ಣದ ಉಣ್ಣೆಯ ಸ್ವೆಟರುಗಳಿವೆ.

ಆ ಸ್ವೆಟರುಗಳನ್ನು ಮಾರುವವರನ್ನು ಈ ಭಾಗದ ಜನ ಚೆನ್ನಾಗಿ ಬಲ್ಲರು. ದೀಪಾವಳಿ ಕಳೆಯುವಷ್ಟರಲ್ಲಿ ಹುಬ್ಬಳ್ಳಿ, ಗದಗು ಮೊದಲಾದ ಊರುಗಳ ರಸ್ತೆಯ ಬದಿಯಲ್ಲಿ ಸಾಲು ಅಂಗಡಿಗಳು ಏಳುತ್ತವೆ. ಕೆಂಪೇರಿದ ಕೆನ್ನೆ, ಕಿರಿದಾದ ಕಣ್ಣು, ಕಾಲಿನವರೆಗೆ ಇಳಿಬಿಟ್ಟ ಉಡುಪು, ಸೊಂಟಕ್ಕೆ ಪಟ್ಟೆಪಟ್ಟೆಯ ಮುಂಬಟ್ಟೆ. ಆ ಹೆಂಗಸರು ಲೂಧಿಯಾನದಿಂದ ತರಿಸಿದ ಸರಕನ್ನು ಹರವಿಕೊಂಡು, ಗದಗಿನವರು ನಾಚುವಷ್ಟು ಸಲೀಸಾಗಿ ಗದಗಿನ ಕನ್ನಡವನ್ನೇ ಆಡುತ್ತಾರೆ. “ಇಷ್ಟಕ್ಕ ಬರಂಗಿಲ್ರಿ ಅಕ್ಕಾರ, ಕೈಯಾಗ ಹಿಡದ ನೋಡ್ರಿ” ಎಂಬ ಮಾತು ಕೇಳಿದವರಿಗೆ ಆಡಿದವಳ ಹಿರಿಯರು ಹಿಮಾಲಯದಾಚೆಯವರೆಂಬುದು ಮರೆತೇ ಹೋಗುತ್ತದೆ. ಸಂಕ್ರಾಂತಿ ದಾಟುತ್ತಲೂ ಅಂಗಡಿಗಳು ಮಾಯವಾಗುತ್ತವೆ. ಅವರು ಎಲ್ಲಿಗೆ ಹೋದರೆಂದು ಕೇಳಿದರೆ ಯಾರಾದರೂ “ಮುಂಡಗೋಡಕ್ಕೆ” ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಮಾತು ಅಲ್ಲಿಗೆ ಮುಗಿಯಬಾರದು. ಅಸುಂಡಿಯ ಹೊಲದಲ್ಲಿ ಬೆಳೆಯುವ ಹತ್ತಿಯಂಥದೇ ಹತ್ತಿಯ ಬಟ್ಟೆಯೊಂದರ ಮೇಲೆ ಮುಂಡಗೋಡದ ಚಿತ್ರಕಾರನು ಬರೆಯುತ್ತಿರುವ ದೇವತೆಯ ಹೆಸರನ್ನು ಕೇಳಿದರೆ, ಗದಗು ಸೀಮೆಯ ಇತಿಹಾಸ ಬಲ್ಲವರು ಬೆಚ್ಚಿ ನಿಲ್ಲಬೇಕಾಗುತ್ತದೆ. ಆ ದೇವತೆಯ ಹೆಸರು ತಾರೆ.

*

ಗದಗಿನಿಂದ ಮುಂಡರಗಿಯ ಕಡೆಗೆ ಹೋಗುವ ದಾರಿಯಲ್ಲಿ ಡಂಬಳವೆಂಬ ಊರಿದೆ. ನಕ್ಷತ್ರಾಕಾರದ ತಳವಿನ್ಯಾಸದ ದೊಡ್ಡಬಸಪ್ಪ ದೇವಾಲಯಕ್ಕಾಗಿ ಪ್ರವಾಸಿಗಳು ಅಲ್ಲಿಗೆ ಹೋಗುತ್ತಾರೆ. ವಿಶಾಲವಾದ ಕೆರೆಯನ್ನು ನೋಡಿ ಹಿಂದಿರುಗುತ್ತಾರೆ. ಅದೇ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1095ರ ಒಂದು ಶಿಲಾಶಾಸನ ದೊರೆತಿದೆ. ಧರ್ಮವೊಳಲೆಂದು ಅಂದು ಹೆಸರಾಗಿದ್ದ ಈ ಪಟ್ಟಣದ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ಆರ್ಯ ತಾರಾದೇವಿಯ ವಿಹಾರಕ್ಕೂ ಬಿಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಕಳೆದ ಶತಮಾನಕ್ಕೂ ಹಿಂದೆ ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದ ಈ ಶಾಸನದ ಆರಂಭದಲ್ಲಿಯೇ ತಾರೆಯ ಸ್ತುತಿಯಿದೆ. ಸಿಂಹ, ಆನೆ, ಬೆಂಕಿ, ಸರ್ಪ, ಕಳ್ಳ, ಸಂಕೋಲೆ, ಕಡಲಿನ ನೀರು, ಪಿಶಾಚಿ—ಈ ಎಂಟು ಭಯಗಳನ್ನು ಶಮನಗೊಳಿಸುವವಳು, ಚಂದ್ರಕಿರಣದ ಕಾಂತಿಯುಳ್ಳವಳು ಎಂದು ಆ ಸ್ತುತಿ ಆಕೆಯನ್ನು ವಂದಿಸುತ್ತದೆ.

ಈ ಎಂಟು ಭಯಗಳನ್ನು ಓದುಗರು ನೆನಪಿನಲ್ಲಿಡಬೇಕು. ಅದರಲ್ಲೂ ಸಂಕೋಲೆಯ ಭಯವನ್ನು.

ಡಂಬಳದ ಶಾಸನಕ್ಕೆ ಅರ್ಧ ಶತಮಾನ ಮೊದಲು, 1042ರಲ್ಲಿ, ವಿಕ್ರಮಶಿಲೆಯ ಮಹಾಪಂಡಿತ ಅತೀಶನು ಹಿಮಾಲಯವನ್ನು ದಾಟಿ ಟಿಬೆಟ್ಟಿಗೆ ಹೋಗಿದ್ದನು. ಆತನ ಇಷ್ಟದೇವತೆಯೂ ತಾರೆಯೇ. ಒಂದೇ ದೇವತೆ ಒಂದೇ ಶತಮಾನದಲ್ಲಿ ಲ್ಹಾಸಾದ ಹಾದಿಯಲ್ಲಿಯೂ ಗದಗಿನ ಹಾದಿಯಲ್ಲಿಯೂ ಪೂಜೆಗೊಳ್ಳುತ್ತಿದ್ದಳು. ಮುಂದೆ ಭರತಖಂಡದಲ್ಲಿ ವಿಹಾರಗಳು ಬರಿದಾದವು. ಡಂಬಳದಲ್ಲಿಯೂ ಬಳ್ಳಿಗಾವೆಯಲ್ಲಿಯೂ ತಾರೆಯ ದೀಪ ಆರಿತು. ಕನ್ನಡಿಗರ ನಾಲಗೆಯಿಂದ ಆಕೆಯ ಹೆಸರೂ ಜಾರಿಹೋಯಿತು. ಟಿಬೆಟ್ಟಿನಲ್ಲಿ ಮಾತ್ರ ಆ ದೀಪ ಉರಿಯುತ್ತಲೇ ಇದ್ದಿತು. ಅಲ್ಲಿಯೂ ಗಾಳಿ ಬೀಸಿದಾಗ, ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಂದವರು ಮತ್ತೆ ಇದೇ ನೆಲದ ಅಂಚಿಗೆ ಬಂದು ಇಳಿದರು.

*

ಗದಗಿನಿಂದ ಮುಂಡಗೋಡಕ್ಕೆ ಹುಬ್ಬಳ್ಳಿಯ ಮೇಲಿನಿಂದ ಹೋಗುವುದು ಸುಲಭ. ಹುಬ್ಬಳ್ಳಿಯಿಂದಾಚೆಗೆ ಸುಮಾರು ಐವತ್ತು ಕಿಲೋಮೀಟರು. ಆದರೆ ಅವಸರವಿಲ್ಲದವರಿಗೆ ಮುಳಗುಂದ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರಗಳ ದಾರಿಯೇ ಚೆಲುವು. ಮುಳಗುಂದದಲ್ಲಿ ಕುಳಿತು ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ಬರೆದನು. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ತನ್ನ ಕಾವ್ಯದ ಕನ್ನಡ ಆ ಊರಿನ ತಿರುಳ್ಗನ್ನಡವೆಂದು ಪಂಪನು ಹೆಮ್ಮೆಪಟ್ಟುಕೊಂಡನು. ಜೈನ ಬಸದಿ, ಸೋಮೇಶ್ವರನ ಗುಡಿ, ಮಸೀದಿ—ಈ ದಾರಿಯಲ್ಲಿ ಯಾವ ದೇವರೂ ಒಬ್ಬಂಟಿಯಲ್ಲ.

ಸವಣೂರಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ನಿಂತಿರುವ ಮೂರು ಬೃಹದ್ವೃಕ್ಷಗಳ ಬುಡದಲ್ಲಿ ಪ್ರವಾಸಿಯು ತುಸು ಹೊತ್ತು ನಿಲ್ಲಬೇಕು. ಜನ ಅವನ್ನು ದೊಡ್ಡ ಹುಣಸೆಯೆಂದು ಕರೆಯುತ್ತಾರೆ. ಅವು ಹುಣಸೆಯಲ್ಲ, ಆಫ್ರಿಕದ ಬೇಓಬಾಬ್ ಮರಗಳು. ಕಡಲಾಚೆಯ ಬೀಜ ಇಲ್ಲಿಗೆ ಹೇಗೆ ಬಂದಿತೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಬಂದದ್ದು ನಿಜ, ಬೇರು ಬಿಟ್ಟದ್ದು ನಿಜ, ಈ ನೆಲದ ಹೆಸರನ್ನೇ ತೊಟ್ಟುಕೊಂಡದ್ದೂ ನಿಜ. ಮುಂಡಗೋಡಕ್ಕೆ ಹೊರಟವನಿಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಡ.

ಬಂಕಾಪುರ ದಾಟಿದ ಮೇಲೆ ಮಣ್ಣಿನ ಬಣ್ಣ ಬದಲಾಗುತ್ತದೆ. ಎರೆ ಹಿಂದುಳಿದು ಕೆಂಪು ಮಣ್ಣು ಇಣುಕುತ್ತದೆ. ಜೋಳದ ಬಯಲು ಮುಗಿದು ಬತ್ತದ ಗದ್ದೆಗಳೂ ಗೋವಿನಜೋಳದ ಹೊಲಗಳೂ ತೊಡಗುತ್ತವೆ. ದೂರದಲ್ಲಿ ಸಾಗುವಾನಿಯ ಕಾಡು. ಬಯಲುಸೀಮೆಯೂ ಮಲೆನಾಡೂ ಒಂದಕ್ಕೊಂದು ಕೈಕೊಟ್ಟು ನಿಂತ ಈ ತಾಣ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕು. ಊರಿನಿಂದ ಸ್ವಲ್ಪ ಮುಂದೆ ಸಾಗಿದರೆ ಮರದಿಂದ ಮರಕ್ಕೆ ಕಟ್ಟಿದ ಹಗ್ಗಗಳಲ್ಲಿ ನೀಲಿ, ಬಿಳಿ, ಕೆಂಪು, ಹಸುರು, ಹಳದಿಯ ಬಟ್ಟೆಯ ತುಣುಕುಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತವೆ. ಅವು ಮಂತ್ರ ಮುದ್ರಿಸಿದ ಪತಾಕೆಗಳು. ಅಲ್ಲಿಂದ ಡೋಗುಲಿಂಗ್ ಎಂಬ ಟಿಬೆಟ್ ವಸತಿ ಆರಂಭವಾಗುತ್ತದೆ.

*

1950ರಲ್ಲಿ ಚೀನಾದ ಕಮ್ಯೂನಿಸ್ಟ್ ಸೇನೆ ಟಿಬೆಟ್ಟಿನ ಪೂರ್ವದ ಗಡಿಯನ್ನು ದಾಟಿತು. ಮರುವರ್ಷ ಹದಿನೇಳು ಅಂಶಗಳ ಒಪ್ಪಂದವಾಯಿತು; ಧರ್ಮಕ್ಕೂ ಮಠಗಳಿಗೂ ಧಕ್ಕೆಯಾಗದೆಂದು ಅದರಲ್ಲಿ ಮಾತು ಕೊಡಲಾಗಿತ್ತು. ಆ ಮಾತು ಉಳಿಯಲಿಲ್ಲ. 1959ರ ಮಾರ್ಚ್ 10ರಂದು ಲ್ಹಾಸಾದ ಜನ ಬಂಡೆದ್ದರು. ಮಾರ್ಚ್ 17ರ ರಾತ್ರಿ ದಲಾಯಿ ಲಾಮಾ ವೇಷ ಮರೆಸಿಕೊಂಡು ಅರಮನೆಯಿಂದ ಹೊರಬಿದ್ದು, 31ರಂದು ಭಾರತದ ಗಡಿಯನ್ನು ಸೇರಿದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನ ಹಿಮದ ಕಣಿವೆಗಳನ್ನು ದಾಟಿ ಬಂದರು.

ಹಾಗೆ ಬಂದವರಿಗೆ ನೆಲ ಬೇಕಾಗಿತ್ತು. ನೆಹರೂ ಸರಕಾರ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಉದಾರವಾಗಿ ಓಗೊಟ್ಟಿತು. ಮೊದಲು ಬೈಲುಕುಪ್ಪೆಯಲ್ಲಿ, ಬಳಿಕ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ 1966ರಲ್ಲಿ ಮುಂಡಗೋಡದಲ್ಲಿ ವಸತಿ ಏರ್ಪಟ್ಟಿತು. ಸುಮಾರು 4,000 ಎಕರೆ ಕಾಡುಭೂಮಿ. ಬಂದವರು ಕುರಿ, ಯಾಕ್, ಬಾರ್ಲಿಗಳನ್ನು ಬಲ್ಲವರು. ಗೋವಿನಜೋಳ, ಬತ್ತಗಳನ್ನು ಕಂಡವರಲ್ಲ. ಹಿಮದ ಚಳಿಯಲ್ಲಿ ಬೆಳೆದ ಮೈ ಕನ್ನಡನಾಡಿನ ಬೇಸಗೆಗೆ ಬಾಡಿತು. ಕಾಡು ಕಡಿದು, ಆನೆಗಳ ಭಯದಲ್ಲಿ ರಾತ್ರಿ ಕಳೆದು, ಗುಡಿಸಿಲು ಕಟ್ಟಿ ಅವರು ನೆಲೆನಿಂತರು. ಇಂದು ಆ ಗುಡಿಸಿಲುಗಳ ಜಾಗದಲ್ಲಿ ಕ್ಯಾಂಪುಗಳೆಂದು ಕರೆಯಲಾಗುವ ಹಳ್ಳಿಗಳಿವೆ. ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ವೃದ್ಧಾಶ್ರಮಗಳಿವೆ.

ಕ್ಯಾಂಪುಗಳ ನಡುವೆ ಗಂಡೆನ್ ಮತ್ತು ಡ್ರೆಪುಂಗ್ ಎಂಬ ಎರಡು ಮಹಾಮಠಗಳು ತಲೆಯೆತ್ತಿವೆ. ಗಂಡೆನ್ ಮಠವನ್ನು ತ್ಸೊಂಗ್‌ಖಪಾ ಗುರುವು 1409ರಲ್ಲಿ ಲ್ಹಾಸಾದ ಬಳಿ ಸ್ಥಾಪಿಸಿದನು. ಡ್ರೆಪುಂಗ್ 1416ರಲ್ಲಿ ಹುಟ್ಟಿತು. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ. ಆಂಧ್ರದ ಧಾನ್ಯಕಟಕದ ನೆನಪಿಗೆ ಇಟ್ಟ ಹೆಸರೆನ್ನುತ್ತಾರೆ. ಅಕ್ಕಿ ಬೆಳೆಯದ ನಾಡಿನಲ್ಲಿ ಐದೂವರೆ ಶತಮಾನ ಬಾಳಿದ ಆ ಹೆಸರು, ಕೊನೆಗೆ ಬತ್ತದ ಗದ್ದೆಗಳ ನಡುವೆಯೇ ಬಂದು ನಿಂತದ್ದು ವಿಧಿಯ ವಿನೋದ. ಗಡಿ ದಾಟಿ ಬಂದ ಭಿಕ್ಷುಗಳಲ್ಲಿ ಸುಮಾರು ಸಾವಿರದ ಐನೂರು ಜನರನ್ನು ಮೊದಲು ಉತ್ತರ ಬಂಗಾಲದ ಬಕ್ಸಾ ಕೋಟೆಯಲ್ಲಿ ಇರಿಸಲಾಗಿತ್ತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಬಂಧಿಸಿಡುತ್ತಿದ್ದ ಸೆರೆಮನೆಯದು. ಅಲ್ಲಿ ಕ್ಷಯಕ್ಕೆ ಅನೇಕರು ತುತ್ತಾದರು. ಉಳಿದವರು ಪಾಠವನ್ನು ಮಾತ್ರ ಬಿಡಲಿಲ್ಲ. ಒಂದು ದಶಕದ ಬಳಿಕ ಅವರೇ ದಕ್ಷಿಣಕ್ಕೆ ಬಂದು, ಹಗಲು ಹೊಲದಲ್ಲಿ ದುಡಿದು ಸಂಜೆ ಶಾಸ್ತ್ರ ಓದಿ ಈ ಮಠಗಳನ್ನು ಮರಳಿ ಕಟ್ಟಿದರು.

*

ಇಂಥ ವಲಸೆಯಲ್ಲಿ ಮನುಷ್ಯನು ಏನನ್ನು ಹೊತ್ತು ತರಬಲ್ಲನು? ಕಂಚಿನ ವಿಗ್ರಹ ಭಾರ. ಗೋಡೆಯ ಚಿತ್ರವನ್ನು ಕಿತ್ತು ತರಲಾಗದು. ಸುರುಳಿ ಸುತ್ತಿ ಬೆನ್ನಿಗೆ ಕಟ್ಟಿಕೊಳ್ಳಬಹುದಾದ ದೇವರೊಂದಿತ್ತು. ಅದೇ ಥಂಕಾ.

ಥಂಕಾ ಎಂದರೆ ಬಟ್ಟೆಯ ಮೇಲೆ ಬರೆದು ರೇಶಿಮೆಯ ಅಂಚು ಕಟ್ಟಿದ ಪಟ. ಭರತಖಂಡದ ಪ್ರಾಚೀನ ಪಟಚಿತ್ರಗಳಿಂದ ಇದು ಬೆಳೆಯಿತು. ನೇಪಾಳದ ನೇವಾರರ ಕೈಯಲ್ಲಿ ಹದಗೊಂಡಿತು. ಚೀನಾದ ಬೆಟ್ಟ-ಮೋಡಗಳ ಚಿತ್ರಣದಿಂದಲೂ ಕೆಲವಂಶಗಳನ್ನು ಸ್ವೀಕರಿಸಿತು. ಹದಿನೈದನೆಯ ಶತಮಾನದಲ್ಲಿ ಮೆನ್ಲಾ ದೊಂಡ್ರುಪ್ ಎಂಬ ಕಲಾಚಾರ್ಯನು ಇದಕ್ಕೊಂದು ಖಚಿತವಾದ ಮಾನಶಾಸ್ತ್ರವನ್ನು ಕೊಟ್ಟನು. ಅಲೆಮಾರಿ ದನಗಾಹಿಗಳ ಗುಡಾರದಲ್ಲಿ ಬಿಚ್ಚಿದರೆ ಗುಡಿ, ಸುತ್ತಿದರೆ ಗಂಟು: ಅಂಥ ಜನಕ್ಕಾಗಿಯೇ ಹುಟ್ಟಿದ ಕಲೆಯಿದು. ಅಲೆಮಾರಿಗಳಿಗೆ ಅನುಕೂಲವಾದದ್ದು ನಿರಾಶ್ರಿತರಿಗೂ ಒದಗಿತು.

ಅದನ್ನು ಬರೆಯುವ ಕ್ರಮವನ್ನು ನೋಡಿದರೆ ತಾಳ್ಮೆಗೆ ಬೇರೆ ಅರ್ಥ ಹೊಳೆಯುತ್ತದೆ. ಮೊದಲು ಹತ್ತಿಯ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿಯುತ್ತಾರೆ. ಸರೇಸಿನಲ್ಲಿ ಕಲಸಿದ ಸುಣ್ಣದ ಪುಡಿಯನ್ನು ಎರಡೂ ಮಗ್ಗುಲಿಗೆ ಬಳಿದು, ಒಣಗಿದ ಮೇಲೆ ನೀರು ಚಿಮುಕಿಸಿ, ನುಣುಪಾದ ಕಲ್ಲಿನಿಂದಲೋ ಶಂಖದಿಂದಲೋ ತೀಡುತ್ತಾರೆ. ನೇಯ್ಗೆಯ ಎಳೆ ಕಣ್ಣಿಗೂ ಬೆರಳಿಗೂ ಸಿಗದಂತಾಗುವವರೆಗೆ ಆ ತೀಡುವಿಕೆ ನಿಲ್ಲದು. ಬಳಿಕ ಇದ್ದಿಲಿನಿಂದ ನಡುಗೆರೆ, ಅಡ್ಡಗೆರೆ, ಓರೆಗೆರೆ. ಇವುಗಳ ಬಲೆಯೊಳಗೇ ದೇವತೆ ಕುಳಿತುಕೊಳ್ಳಬೇಕು. ಅಳತೆಯೆಲ್ಲ ಅಂಗುಲದ ಲೆಕ್ಕದಲ್ಲಿ: ಬುದ್ಧನ ಮೂರ್ತಿಗೆ ಒಂದು ಸಂಪ್ರದಾಯದಂತೆ 125 ಅಂಗುಲ, ಇನ್ನೊಂದರಂತೆ 120. ನಮ್ಮ ಶಿಲ್ಪಿಗಳ ತಾಲಮಾನವೂ ಇದೇ ಕುಲದ್ದು. ಅಳತೆ ತಪ್ಪಿದ ಮೂರ್ತಿ ಎಷ್ಟೇ ಸುಂದರವಾಗಿದ್ದರೂ ಪೂಜೆಗೆ ಸಲ್ಲದು.

ಬಣ್ಣಗಳು ಭೂಮಿಯಿಂದ ಬರುತ್ತವೆ: ತಾಮ್ರದ ಅದಿರಿನೊಡನೆ ದೊರೆಯುವ ನೀಲಿ ಮತ್ತು ಹಸುರು ಕಲ್ಲುಗಳು, ಕೆಂಪಿಗೆ ಇಂಗಲೀಕ, ಹಳದಿಗೆ ಹರಿದಾಳ. ಕಲ್ಲನ್ನು ಒರಳಿನಲ್ಲಿ ದಿನಗಟ್ಟಲೆ ಅರೆದು ಸರೇಸಿನೊಡನೆ ಕಲಸಬೇಕು. ನೀಲಿಯನ್ನು ಹೆಚ್ಚು ಅರೆದರೆ ಅದು ಮಂಕಾಗುತ್ತದೆ, ಕಡಿಮೆಯಾದರೆ ಮರಳಾಗುತ್ತದೆ. ಚಿತ್ರಕಾರನು ದೂರದಿಂದ ಹತ್ತಿರಕ್ಕೆ ಬರುತ್ತಾನೆ: ಮೊದಲು ಆಕಾಶ, ಆಮೇಲೆ ಬೆಟ್ಟ, ನೀರು, ಹುಲ್ಲು, ಹೂವು, ಅನಂತರ ಪೀಠ, ವಸ್ತ್ರ, ಆಭರಣ, ಎಲ್ಲಕ್ಕೂ ಕೊನೆಗೆ ಮೈ. ಕೂದಲೆಳೆಯಂಥ ಕುಂಚದಿಂದ ಗೆರೆ ಎಳೆದು, ಚಿನ್ನದ ನೀರನ್ನು ಹಚ್ಚಿ ನುಣ್ಣನೆಯ ಕಲ್ಲಿನ ತುದಿಯಿಂದ ಉಜ್ಜಿದಾಗ ದೀಪದ ಬೆಳಕಿಗೆ ಅದು ಎಚ್ಚರಗೊಳ್ಳುತ್ತದೆ. ಕಣ್ಣುಗಳನ್ನು ತೆರೆಯುವುದು ಕಟ್ಟಕಡೆಗೆ. ಪಟದ ಹಿಂಬದಿಯಲ್ಲಿ, ದೇವತೆಯ ಹಣೆ, ಕಂಠ, ಹೃದಯಗಳ ನೇರಕ್ಕೆ ಮೂರು ಬೀಜಾಕ್ಷರಗಳನ್ನು ಬರೆದು ಪ್ರಾಣಪ್ರತಿಷ್ಠೆ ಮಾಡುತ್ತಾರೆ. ಚಿತ್ರಕಾರನು ಎಲ್ಲಿಯೂ ತನ್ನ ಹೆಸರನ್ನು ಬರೆಯುವುದಿಲ್ಲ. ಈ ವಿದ್ಯೆಯನ್ನು ಚೆನ್ನಾಗಿ ಕಲಿಯಲು ಐದಾರು ವರ್ಷ ಬೇಕು. ಮೊದಲ ಒಂದೆರಡು ವರ್ಷ ಬರಿಯ ಗೆರೆಗಳೇ.

ಗದಗಿನ ನೆರೆಯ ಕೊಪ್ಪಳದ ಬಳಿ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರ ಮನೆತನಗಳೂ ಹುಣಸೆಬೀಜದ ಅಂಟು ಅರೆದು, ಮರದ ದೇವರಿಗೆ ಬಣ್ಣ ಹಚ್ಚಿ, ಹೆಸರು ಹಾಕದೆ ಊರೂರಿಗೆ ಕಳುಹಿಸುತ್ತ ಬಂದವರು. ಅಂಥ ಮನೆತನದ ಮುದುಕನೊಬ್ಬನನ್ನು ಮುಂಡಗೋಡಕ್ಕೆ ಕರೆತಂದು ಥಂಕಾದ ಮುಂದೆ ಕೂಡಿಸಿದರೆ, ಇಬ್ಬರಿಗೂ ದುಭಾಷಿ ಬೇಕಾಗಲಾರದು. ಒಬ್ಬನು ಬಿಟ್ಟ ಗೆರೆಯನ್ನು ಇನ್ನೊಬ್ಬನು ಗುರುತಿಸಬಲ್ಲನು. ಇವರಿಬ್ಬರಿಗೂ ಇರುವ ವ್ಯತ್ಯಾಸ ಒಂದೇ: ಕಿನ್ನಾಳದವನ ದೇವರನ್ನು ಬರೆಯಬೇಡವೆಂದು ಯಾವ ಸರಕಾರವೂ ಹೇಳಲಿಲ್ಲ.

*

ಟಿಬೆಟ್ಟಿನಲ್ಲಿ ಹೇಳಿದರು. ಹಳೆಯ ಟಿಬೆಟ್ಟು ಸ್ವರ್ಗವಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಮಠಗಳೂ ಮನ್ನೆಯರೂ ಭೂಮಿಯನ್ನು ಹಿಡಿದಿದ್ದರು. ಬಡವನ ಬದುಕು ಬಿಗಿಯಾಗಿತ್ತು. ಆ ಬಿಗಿಯನ್ನು ಬಿಡಿಸಲು ಬಂದೆವೆಂದು ಹೊಸ ಆಳ್ವಿಕೆ ಹೇಳಿಕೊಂಡಿತು. ಬಿಡಿಸುವ ಹೆಸರಿನಲ್ಲಿ ಬಡವನ ದೇವರನ್ನೂ ಕಿತ್ತುಕೊಂಡಿತು. 1962ರಲ್ಲಿ ಹತ್ತನೆಯ ಪಂಚೆನ್ ಲಾಮಾ ಚೀನಾದ ಪ್ರಧಾನಿಗೆ ಎಪ್ಪತ್ತು ಸಾವಿರ ಅಕ್ಷರಗಳ ಒಂದು ಮನವಿಯನ್ನು ಬರೆದರು. ಲ್ಹಾಸಾವನ್ನೊಳಗೊಂಡ ಪ್ರದೇಶದಲ್ಲಿ ಹಿಂದೆ ಎರಡೂವರೆ ಸಾವಿರಕ್ಕೆ ಮೇಲ್ಪಟ್ಟಿದ್ದ ಮಠಗಳಲ್ಲಿ ಆಗ ಉಳಿದದ್ದು ಸುಮಾರು ಎಪ್ಪತ್ತು ಎಂದು ಅದರಲ್ಲಿ ತಿಳಿಸಿದರು. ಹಾಗೆ ಬರೆದವರು ಚೀನಾದೊಡನೆ ಸಹಕರಿಸುತ್ತಿದ್ದ ಧರ್ಮಗುರು. ಅವರಿಗೆ ದೊರೆತ ಉತ್ತರ ಅನೇಕ ವರ್ಷಗಳ ಸೆರೆವಾಸ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾಯಿತು. ಗಂಡೆನ್ ಮಠ ಗೋಡೆಗಳ ಮೊಂಡುಸಾಲಾಯಿತು. ಮಠ ಅಲ್ಲಿ ಬಿದ್ದ ವರ್ಷಗಳಲ್ಲಿಯೇ ಮುಂಡಗೋಡದ ಕಾಡಿನಲ್ಲಿ ಗುಡಿಸಿಲುಗಳು ಎದ್ದವು.

ಇಂಥ ಕಾಲದಲ್ಲಿ ಒಬ್ಬ ಚಿತ್ರಕಾರನು ಏನು ಮಾಡಬಲ್ಲನು? ಲ್ಹಾಸಾದ ನಾರ್ಬುಲಿಂಗ್ಕಾ ಉದ್ಯಾನದಲ್ಲಿ, ಚೀನಾದ ಸೇನೆ ನಗರದಲ್ಲಿ ಬೀಡುಬಿಟ್ಟಿದ್ದಾಗಲೇ, 1954ರಿಂದ 1956ರವರೆಗೆ ದಲಾಯಿ ಲಾಮಾರಿಗಾಗಿ ಹೊಸ ಬೇಸಗೆಯ ಅರಮನೆಯೊಂದು ಎದ್ದಿತು. ಅದರ ಗೋಡೆಯ ಮೇಲೆ ಆಮ್ದೋ ಜಾಂಪಾ ಎಂಬ ಚಿತ್ರಕಾರನು ತರುಣ ದಲಾಯಿ ಲಾಮಾರನ್ನೂ ಅವರ ಪರಿವಾರವನ್ನೂ ಬರೆದನು. ಸಂಪ್ರದಾಯದ ಮೈಕಟ್ಟು, ಸಂಪ್ರದಾಯದ ಆಸನ. ಮುಖಗಳು ಮಾತ್ರ ಛಾಯಾಚಿತ್ರದಂತೆ ಜೀವಂತ. ಆಸ್ಥಾನದ ಮಂತ್ರಿಗಳು, ಬಂಧುಗಳು, ಹೊರದೇಶಗಳ ಪ್ರತಿನಿಧಿಗಳು ಸಹ ಅಲ್ಲಿ ನಿಂತಿದ್ದಾರೆ. ಘೋಷಣೆಯಿಲ್ಲ, ಧ್ವಜವಿಲ್ಲ. ಆದರೆ ತನ್ನದೇ ದೊರೆ, ತನ್ನದೇ ಆಸ್ಥಾನ, ತನ್ನದೇ ರಾಯಭಾರಿಗಳಿದ್ದ ನಾಡೊಂದು ಇತ್ತೆಂಬುದಕ್ಕೆ ಆ ಗೋಡೆ ಸಾಕ್ಷಿ ನುಡಿಯುತ್ತದೆ. ದೊರೆ ಹೋದನು, ಅರಮನೆಯ ಮೇಲೆ ಗುಂಡು ಬಿದ್ದಿತು, ಚಿತ್ರ ಉಳಿಯಿತು.

ಮುಂದಿನ ಪೀಳಿಗೆಯ ಗೊಂಕರ್ ಗ್ಯಾತ್ಸೋ 1961ರಲ್ಲಿ ಲ್ಹಾಸಾದಲ್ಲಿಯೇ ಹುಟ್ಟಿದವರು. ಅವರು ಚಿತ್ರಕಲೆಯನ್ನು ಕಲಿತದ್ದು ಪೀಕಿಂಗಿನಲ್ಲಿ. ಹಿಂದಿರುಗಿ ಬಂದು 1985ರಲ್ಲಿ ಕೆಲವು ತರುಣರೊಡನೆ ‘ಸಿಹಿ ಚಹಾದಂಗಡಿ’ ಎಂಬ ಕಲಾವಿದರ ಕೂಟವನ್ನು ಕಟ್ಟಿದರು. ಚಹಾದಂಗಡಿಗಳ ಗೋಡೆಗಳೇ ಅವರ ಪ್ರದರ್ಶನಶಾಲೆ. ಕೂಟದಲ್ಲಿ ಟಿಬೆಟ್ಟಿನವರು ಮಾತ್ರ ಇದ್ದುದು ಅಧಿಕಾರಿಗಳ ಕಣ್ಣಿಗೆ ಬಿದ್ದು, ಎರಡು ವರ್ಷಗಳಲ್ಲಿ ಅದು ನಿಂತುಹೋಯಿತು. 1992ರಲ್ಲಿ ಗ್ಯಾತ್ಸೋ ಧರ್ಮಶಾಲೆಗೆ ಬಂದು ಥಂಕಾ ಬರೆಯುವುದನ್ನು ಕಲಿತರು. ತನ್ನ ನಾಡಿನ ವಿದ್ಯೆಯನ್ನು ಕಲಿಯಲು ನಾಡನ್ನೇ ಬಿಟ್ಟು ಬರಬೇಕಾಯಿತು! ಮುಂದೆ ಲಂಡನ್ನಿಗೆ ಹೋದ ಮೇಲೆ 2003ರಲ್ಲಿ ಅವರು ನಾಲ್ಕು ಛಾಯಾಚಿತ್ರಗಳ ಒಂದು ಮಾಲೆಯನ್ನು ರಚಿಸಿದರು. ನಾಲ್ಕರಲ್ಲಿಯೂ ಕಲಾವಿದನು ಅವರೇ. ಒಂದರಲ್ಲಿ ಸಂಪ್ರದಾಯದ ಉಡುಪಿನ ಥಂಕಾ ಚಿತ್ರಕಾರ, ಇನ್ನೊಂದರಲ್ಲಿ ಮಾವೋನ ಭಾವಚಿತ್ರವನ್ನು ಬರೆಯುವ ಕ್ರಾಂತಿಯ ಚಿತ್ರಕಾರ, ಮೂರನೆಯದರಲ್ಲಿ ನಿರಾಶ್ರಿತ, ಕೊನೆಯದರಲ್ಲಿ ಪಾಶ್ಚಾತ್ಯ ನಗರದ ನವ್ಯ ಕಲಾವಿದ. ಒಬ್ಬನೇ ಮನುಷ್ಯ, ಒಂದೇ ಕುಂಚ. ಮುಂದಿನ ಪಟ ಮಾತ್ರ ನಾಲ್ಕು ಬಾರಿ ಬದಲಾಯಿತು. ಒಂದು ಜನಾಂಗದ ಅರ್ಧ ಶತಮಾನದ ಕಥೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

*

ಮುಂಡಗೋಡದ ಚಿತ್ರಕಾರರಿಗೆ ಇಂಥ ಕೀರ್ತಿಯಿಲ್ಲ. ಅವರ ಕೆಲಸ ಹಳೆಯದನ್ನು ಹಳೆಯಂತೆಯೇ ಬರೆಯುವುದು. ಹೊಸತನವೇ ಕಲೆಯೆಂದು ನಂಬಿದವರಿಗೆ ಇದು ಬರಿಯ ನಕಲೆನಿಸಬಹುದು. ಆದರೆ ಮೂಲವನ್ನೇ ಸುಟ್ಟುಹಾಕಿದ ಮೇಲೆ ನಕಲು ಮಾಡುವವನು ನಕಲುಗಾರನಲ್ಲ, ಸಾಕ್ಷಿ. ಲ್ಹಾಸಾದಲ್ಲಿ ಹಾಳಾದ ಒಂದು ಮೂರ್ತಿಯ ಅಂಗುಲದ ಲೆಕ್ಕ ಮುಂಡಗೋಡದ ಒಬ್ಬನ ಬೆರಳಿನಲ್ಲಿ ಉಳಿದಿದ್ದರೆ, ಆ ಮೂರ್ತಿ ಪೂರ್ತಿ ಹಾಳಾಗಿಲ್ಲ. ಈ ಪ್ರತಿರೋಧಕ್ಕೆ ಕೋವಿ ಬೇಡ, ಘೋಷಣೆ ಬೇಡ. ಕುಂಚ ನಡುಗದಿದ್ದರೆ ಸಾಕು.

ಎಂಟು ಭಯಗಳ ತಾರೆಯ ಪಟವನ್ನು ಅವರು ಬರೆಯುವಾಗ ಇದು ಎದ್ದು ಕಾಣುತ್ತದೆ. ನಡುವೆ ಹಸುರು ಮೈಯ ದೇವಿ. ಎಡಗೈಯಲ್ಲಿ ನೀಲೋತ್ಪಲ, ಬಲಗೈ ವರದಮುದ್ರೆ. ಬಲಗಾಲನ್ನು ಮುಂದಕ್ಕೆ ಚಾಚಿದ್ದಾಳೆ, ಕರೆದ ಕ್ಷಣ ಎದ್ದುಬರುವವಳಂತೆ. ಸುತ್ತ ಎಂಟು ಪುಟ್ಟ ಚಿತ್ರಗಳು: ಸಿಂಹಕ್ಕೆ ಹೆದರಿ ಓಡುವವನು, ನೀರಿನಲ್ಲಿ ಮುಳುಗುವ ನಾವೆ, ಕಳ್ಳರ ಕೈಗೆ ಸಿಕ್ಕ ವ್ಯಾಪಾರಿ, ಒಂದೆಡೆ ಸಂಕೋಲೆ ತೊಟ್ಟು ಕುಳಿತ ಸೆರೆಯಾಳು. ಈ ಸೆರೆಯಾಳನ್ನು ಇಂದಿನ ಚಿತ್ರಕಾರನು ಹೊಸದಾಗಿ ಸೇರಿಸಿದ್ದಲ್ಲ. ಸಾವಿರ ವರ್ಷಗಳಿಂದ ಆತನು ಅಲ್ಲಿಯೇ ಇದ್ದಾನೆ, ಡಂಬಳದ ಕಲ್ಲಿನಲ್ಲಿಯೂ ಇದ್ದಾನೆ. ಆದರೆ ಬಂಧುಗಳು ಸೆರೆಮನೆಯಲ್ಲಿ ಸತ್ತ ಮನೆಗಳಲ್ಲಿ ಆ ಪಟವನ್ನು ತೂಗುಹಾಕಿದಾಗ, ನೋಡುವವರ ಕಣ್ಣು ಮೊದಲು ಯಾವ ಮೂಲೆಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಶಾಸ್ತ್ರದ ಗೆರೆಯೊಂದು ತಾನಾಗಿಯೇ ಪ್ರಾರ್ಥನೆಯಾಗುತ್ತದೆ, ಪ್ರತಿಭಟನೆಯೂ ಆಗುತ್ತದೆ.

ಇನ್ನೊಂದು ಚಿತ್ರವೂ ಇಲ್ಲಿನ ಪ್ರತಿ ಮನೆಯಲ್ಲಿದೆ: ದಲಾಯಿ ಲಾಮಾರ ಭಾವಚಿತ್ರ. 1990ರ ದಶಕದ ನಡುವಿನಿಂದ ಟಿಬೆಟ್ಟಿನಲ್ಲಿ ಅದನ್ನು ತೂಗುಹಾಕುವುದಕ್ಕೆ ನಿಷೇಧವಿದೆ. ಅಲ್ಲಿ ಪೆಟ್ಟಿಗೆಯ ತಳದಲ್ಲಿ ಅಡಗಿಸಿಡಬೇಕಾದುದನ್ನು ಮುಂಡಗೋಡದ ಚಹಾದಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಹೂವೇರಿಸಿ ಇಡುತ್ತಾನೆ. ಅದರ ಮಗ್ಗುಲಲ್ಲಿ ಲಕ್ಷ್ಮಿಯೋ ಸಿದ್ಧಾರೂಢರೋ ಇದ್ದರೆ ಯಾರಿಗೂ ಅಚ್ಚರಿಯಿಲ್ಲ. ಸ್ವಾತಂತ್ರ್ಯವೆಂಬುದು ಹೀಗೆ ಗೋಡೆಗೆ ಹೊಡೆದ ಒಂದು ಮೊಳೆಯಷ್ಟು ಚಿಕ್ಕದೂ ಆಗಿರಬಲ್ಲದು.

*

ಆದರೆ ಸೇನೆ ಮಾಡಲಾಗದ್ದನ್ನು ಕಾಲ ಮಾಡುತ್ತಿದೆ. ಕ್ಯಾಂಪುಗಳ ಅನೇಕ ಮನೆಗಳಲ್ಲಿ ಈಗ ಮುದುಕರು ಮಾತ್ರ ಉಳಿದಿದ್ದಾರೆ. ಕಲಿತ ಮಕ್ಕಳು ಬೆಂಗಳೂರಿಗೆ, ದಿಲ್ಲಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಸ್ವಿಟ್ಸರ್ಲೆಂಡುಗಳಿಗೆ ಹೊರಟುಹೋದರು. 2008ರ ಗಲಭೆಯ ನಂತರ ಚೀನಾ ಗಡಿಯನ್ನು ಬಿಗಿಗೊಳಿಸಿದ್ದರಿಂದ, ಹಿಂದೆ ವರ್ಷಕ್ಕೆ ಎರಡು ಮೂರು ಸಾವಿರದಷ್ಟು ಬರುತ್ತಿದ್ದ ಹೊಸ ನಿರಾಶ್ರಿತರು ಈಗ ಬೆರಳೆಣಿಕೆಯಷ್ಟು. ಮಠಗಳಿಗೆ ಸೇರುವ ಎಳೆಯ ಭಿಕ್ಷುಗಳಲ್ಲಿ ಲಡಾಖ್, ಅರುಣಾಚಲ, ನೇಪಾಳದ ಕಡೆಯವರೇ ಹೆಚ್ಚುತ್ತಿದ್ದಾರೆ. ಇತ್ತ ಯಂತ್ರದಲ್ಲಿ ಮುದ್ರಿಸಿದ ಥಂಕಾ ಅಗ್ಗವಾಗಿ ದೊರೆಯುತ್ತದೆ. ದೂರದಿಂದ ನೋಡಿದರೆ ವ್ಯತ್ಯಾಸ ಕಾಣದು. ಐದಾರು ವರ್ಷ ಗೆರೆ ಎಳೆದು, ಒಂದು ಪಟಕ್ಕೆ ತಿಂಗಳುಗಟ್ಟಲೆ ಕುಳಿತು ದುಡಿಯುವವನು, ಕಂಪ್ಯೂಟರಿನ ಮುಂದೆ ಕುಳಿತ ಗೆಳೆಯನ ಸಂಬಳವನ್ನು ಕೇಳಿ ಕುಂಚ ಕೆಳಗಿಟ್ಟರೆ ಅವನನ್ನು ದೂರುವವರು ಯಾರು?

ಕಿನ್ನಾಳದ ಚಿತ್ರಗಾರನಿಗೂ ಇದೇ ಚಿಂತೆ. ಬೆಟಗೇರಿಯ ಕೈಮಗ್ಗದ ನೇಕಾರನಿಗೂ ಇದೇ ಚಿಂತೆ. ಆದರೆ ಅವರ ಕಲೆ ಕುಂದಿದರೂ ಕಾಲಕೆಳಗೆ ಊರಾದರೂ ಇರುತ್ತದೆ. ಮುಂಡಗೋಡದ ಚಿತ್ರಕಾರನಿಗೆ ಪಟವೇ ಊರು. ಅವನ ಕೈ ನಿಂತರೆ ಅಳಿಯುವುದು ಬರಿಯ ಚಿತ್ರವಲ್ಲ. ಹಿಂದಿರುಗಿ ಹೋಗಬೇಕಾದ ದಾರಿಯ ಗುರುತು. ಅದಕ್ಕಾಗಿಯೇ ಉಳಿದವರು ಇನ್ನೂ ಬೆಳಕು ಹರಿಯುತ್ತಲೂ ಚೌಕಟ್ಟಿನ ಮುಂದೆ ಮಂಡಿಹಾಕುತ್ತಾರೆ. ಮಠದಿಂದ ಶಂಖದ, ಕೊಳಲಿನ ಧ್ವನಿ ಕೇಳಿಬರುತ್ತದೆ. ಹೊಲದ ಬದುವಿನಲ್ಲಿ ಕೆಲಸಕ್ಕೆ ಬಂದ ಲಂಬಾಣಿ ಹೆಂಗಸರ ಮಾತು ಕೇಳಿಬರುತ್ತದೆ. ಒರಳಿನಲ್ಲಿ ನೀಲಿಕಲ್ಲು ಸಣ್ಣಗೆ ಅರೆಯುತ್ತದೆ.

ಪ್ರವಾಸಿಯು ಸಂಜೆಯ ಬಸ್ಸಿಗೆ ಹೊರಟರೆ ಕೆಂಪು ಮಣ್ಣು ಮತ್ತೆ ಕಪ್ಪಾಗುವಷ್ಟರಲ್ಲಿ ಕತ್ತಲೆಯಾಗಿರುತ್ತದೆ. ಲಕ್ಷ್ಮೇಶ್ವರ ದಾಟಿ, ಮುಳಗುಂದ ದಾಟಿ, ಅಸುಂಡಿಯ ದೀಪಗಳು ಎರೆಹೊಲಗಳ ನಡುವೆ ಮಿನುಗುತ್ತವೆ. ಅಲ್ಲಿಂದಾಚೆ, ಗದಗಿನ ಇನ್ನೊಂದು ಮಗ್ಗುಲಿಗೆ, ಒಂಬೈನೂರು ವರ್ಷಗಳ ಹಿಂದಿನ ಹದಿನಾರು ಸೆಟ್ಟಿಗಳ ಊರು. ಅಲ್ಲಿ ತಾರೆಗೆ ದೀಪ ಹಚ್ಚುವವರು ಇಂದು ಯಾರೂ ಇಲ್ಲ. ಆದರೆ ಬರುವ ಚಳಿಗಾಲ ಗದಗಿನ ರಸ್ತೆಯ ಬದಿಯಲ್ಲಿ ಸ್ವೆಟರು ಹರವಿಕೊಂಡು ಕೂಡುವ ಮುದುಕಿ, ಬೋಣಿಗೆ ಮೊದಲು ಜಪಮಾಲೆಯನ್ನು ಹಣೆಗೆ ಒತ್ತಿಕೊಂಡು ತನ್ನ ಭಾಷೆಯಲ್ಲಿ ಪಿಸುಗುಡುವ ಹೆಸರು ಅದೇ ದೇವಿಯದು. ಚೌಕಾಸಿಗೆ ನಿಂತ ಅಸುಂಡಿಯ ರೈತನಿಗೆ ಅದು ಗೊತ್ತಿಲ್ಲ. ಆತನ ಊರಿನ ನೆರೆಯ ದೇವತೆಯನ್ನು ತಾನು ಇಷ್ಟು ಕಾಲ ಕಾಪಾಡಿಕೊಂಡು ಬಂದು ಒಪ್ಪಿಸುತ್ತಿರುವೆನೆಂಬುದು ಆಕೆಗೂ ಗೊತ್ತಿಲ್ಲ.